ಖಾತೆಯಲ್ಲಿ ಹಣವಿದ್ದೂ ಚೆಕ್ಕಿಗೆ ಸ್ಟಾಪ್ ಪೇಮೆಂಟ್ ಮಾಡಿಸಿದರೆ ಕೇಸ್ ಆಗುತ್ತದೆಯೇ?

ಪ್ರಶ್ನೆ: ಶಾಲಾ ಶಿಕ್ಷಕ, ಕಲಬುರಗಿ

ಎಲ್ಲರಿಗೂ ಶರಣು. ಕಲಬುರಗಿಯಲ್ಲಿ ಮನೆ ಕಟ್ಟಿಸುತ್ತಿದ್ದೇನೆ. ಒಂದು ಇಂಚು ದಪ್ಪದ, ಪಾಲಿಶ್ ಮಾಡಿದ ಶಹಾಬಾದ್ ಫರಸಿ 2,400 ಚದರ ಅಡಿ ಬೇಕೆಂದು, ಅಡಿಗೆ 60 ರೂಪಾಯಿಯಂತೆ ಒಬ್ಬ ವ್ಯಾಪಾರಿಯೊಂದಿಗೆ ಮಾತಾಗಿತ್ತು. ಒಟ್ಟು 1,44,000 ರೂಪಾಯಿಯಲ್ಲಿ 24,000 ಮುಂಗಡ ಕೊಟ್ಟಿದ್ದೆ. ಕಲ್ಲು ಇಳಿಸಿದ ದಿನ ಉಳಿದ 1,20,000ಕ್ಕೆ ಹತ್ತು ದಿನ ಮುಂದಿನ ತಾರೀಖು ಹಾಕಿ ಚೆಕ್ ಬರೆದುಕೊಟ್ಟೆ.

ಮರುದಿನ ಗೌಂಡಿ ಒಂದೊಂದೇ ಕಲ್ಲನ್ನು ಎತ್ತಿ ತಟ್ಟಿ ನೋಡುತ್ತಾ ಬಂದಾಗ, ಕೆಳಗಿನ ಸಾಲಿನವು ಒಡೆದ ಗಡಿಗೆಯಂತೆ ಸದ್ದು ಮಾಡಿದವು. ಕೆಲವು ಮುಕ್ಕಾಲು ಇಂಚೂ ಇಲ್ಲ, ಅಂಚಿಗೆ ಉಗುರು ಹಾಕಿದರೆ ಪದರು ಏಳುತ್ತದೆ. ಅಳೆದಾಗ ಸುಮಾರು 900 ಚದರ ಅಡಿ, ಅಂದರೆ 54,000 ರೂಪಾಯಿಯ ಮಾಲು ಹೀಗಿತ್ತು. ಅಂದೇ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸಿ, ಇವನ್ನು ವಾಪಸ್ ಒಯ್ಯಿರಿ ಎಂದು ಬರೆದೆ. ಅವರು ಫೋನ್ ಮಾಡಿ, "ಕಲ್ಲು ದೇವರು ಮಾಡಿದ್ದು, ಎಲ್ಲಾ ಒಂದೇ ಸಮ ಇರ್ತಾವೇನ್ರಿ ಸರ್" ಎಂದು ನಕ್ಕರು. ಸಿಟ್ಟಿಗೆ ಬ್ಯಾಂಕಿಗೆ ಹೋಗಿ ಸ್ಟಾಪ್ ಪೇಮೆಂಟ್ ಬರೆದುಕೊಟ್ಟೆ. ಖಾತೆಯಲ್ಲಿ ಎರಡು ಲಕ್ಷಕ್ಕಿಂತ ಹೆಚ್ಚು ಹಣ ಇತ್ತು, ಈಗಲೂ ಇದೆ.

ಆರು ದಿನದ ಹಿಂದೆ, ಚೆಕ್ ಮರಳಿದ್ದರ ಬಗ್ಗೆ ಅವರ ವಕೀಲರ ನೋಟಿಸ್ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕೈ ಸೇರಿದೆ. ಹಣವಿದ್ದ ಮೇಲೆ ಚೆಕ್ ಬೌನ್ಸ್ ಹೇಗಾಗುತ್ತದೆ, ಉತ್ತರವನ್ನೇ ಕೊಡಬೇಡ ಎಂದು ನಮ್ಮ ಅಣ್ಣ ಹೇಳುತ್ತಾರೆ. ತಿಳಿದವರು ದಾರಿ ತೋರಿಸಬೇಕು.

ಉತ್ತರ 1: ವಕೀಲ, ಕಲಬುರಗಿ

ಗುರುಗಳೇ, ನಿಮ್ಮ ಅಣ್ಣನವರ ಮಾತು ಒಂದು ಕಾಲಕ್ಕೆ ನಡೆಯುತ್ತಿತ್ತು. ಚೆಕ್ ಮುಂತಾದ ಪತ್ರಗಳಿಗೆ ಸಂಬಂಧಿಸಿದ ಎನ್.ಐ. (ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್) ಕಾಯ್ದೆಯ ಕಲಂ 138 ಹಣ ಸಾಲದೆ ಚೆಕ್ ಮರಳುವುದನ್ನು ಕುರಿತೇ ಮಾತನಾಡುತ್ತದೆ. ಆದರೆ ಸ್ಟಾಪ್ ಪೇಮೆಂಟ್ ಕೂಡ ಅದರೊಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1998ರಲ್ಲಿ ಮೋದಿ ಸಿಮೆಂಟ್ಸ್ ಪ್ರಕರಣದಲ್ಲಿ ಹೇಳಿತು. ಮುಂದೆ ಎಂಎಂಟಿಸಿ ಪ್ರಕರಣದಲ್ಲಿ, ಖಾತೆಯಲ್ಲಿ ಸಾಕಷ್ಟು ಹಣವಿತ್ತು ಮತ್ತು ಪಾವತಿ ತಡೆಯಲು ಸಾಲವೇ ಇರಲಿಲ್ಲ ಎಂಬಂತಹ ನ್ಯಾಯವಾದ ಕಾರಣವಿತ್ತು, ಈ ಎರಡನ್ನೂ ತೋರಿಸಿಕೊಟ್ಟರೆ ಆರೋಪಿ ಪಾರಾಗಬಹುದು ಎಂದಿತು. ತೋರಿಸುವ ಹೊಣೆ ಮಾತ್ರ ನಿಮ್ಮದೇ, ಏಕೆಂದರೆ ಸಹಿ ನಿಮ್ಮದೆಂದು ಒಪ್ಪಿದ ಕ್ಷಣವೇ ಚೆಕ್ಕನ್ನು ಬಾಕಿ ತೀರಿಸಲೆಂದೇ ಕೊಟ್ಟಿದ್ದು ಎಂದು ಕಲಂ 139ರಡಿ ನ್ಯಾಯಾಲಯ ಭಾವಿಸುತ್ತದೆ.

ಉತ್ತರ ಕೊಡದೆ ಕೂರುವುದು ಎಲ್ಲಕ್ಕಿಂತ ಕೆಟ್ಟ ಸಲಹೆ. ನಮ್ಮ ರಾಣೆಬೆನ್ನೂರಿನ ಮನೆ ಕಟ್ಟುವ ವ್ಯವಹಾರದಿಂದಲೇ ಹುಟ್ಟಿದ ರಂಗಪ್ಪ ಪ್ರಕರಣ 45,000 ರೂಪಾಯಿಯ ಚೆಕ್ಕಿನದು. ಅಲ್ಲಿಯೂ ಚೆಕ್ ಕಳೆದುಹೋಗಿತ್ತೆಂದು ಪಾವತಿ ತಡೆಸಲಾಗಿತ್ತು. ನೋಟಿಸಿಗೆ ಉತ್ತರ ಕೊಡದಿದ್ದುದರಿಂದಲೇ ಫಿರ್ಯಾದಿಯ ಮಾತಿನಲ್ಲಿ ಹುರುಳಿದೆ ಎಂದು ಊಹಿಸಬಹುದು ಎಂದು 2010ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಬರೆಯಿತು.

ಇನ್ನು ನಿಮ್ಮ ವಿಷಯ. ಕಲ್ಲು ಬಂದ ಮರುದಿನವೇ ಬೇಡವೆಂದು ಬರೆದು ತಿಳಿಸಿದ್ದು ನಿಮಗೆ ದೊಡ್ಡ ಆಸರೆ; ಮಾಲನ್ನು ಇಟ್ಟುಕೊಂಡು ಬಹುಕಾಲ ಸುಮ್ಮನಿದ್ದರೆ ಒಪ್ಪಿಕೊಂಡಂತೆ ಎನ್ನುತ್ತದೆ 1930ರ ಸರಕು ಮಾರಾಟ ಕಾಯ್ದೆಯ ಕಲಂ 42. ಆದರೆ ಲೆಕ್ಕ ನೋಡಿ: ಕೆಟ್ಟ ಕಲ್ಲಿನ 54,000 ಬಿಟ್ಟರೂ ಚೆಕ್ಕಿನ ಮೊತ್ತದಲ್ಲಿ 66,000 ರೂಪಾಯಿ ನೀವು ಕೊಡಬೇಕಾದದ್ದೇ. ಅದನ್ನೂ ಸೇರಿಸಿ ತಡೆದಿದ್ದೀರಿ. ನಿಮ್ಮ ತೊಡಕು ಇರುವುದು ಇಲ್ಲಿಯೇ.

ನೋಟಿಸ್ ಕೈ ಸೇರಿದ 15 ದಿನದೊಳಗೆ ಹಣ ಕೊಡದಿದ್ದರೆ, ಆ ಬಳಿಕ ಒಂದು ತಿಂಗಳೊಳಗೆ ಅವರು ದೂರು ದಾಖಲಿಸಬಹುದು. ಶಿಕ್ಷೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಚೆಕ್ಕಿನ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಇಲ್ಲವೇ ಎರಡೂ. ವಿಚಾರಣೆ ನಡೆಯುತ್ತಿರುವಾಗಲೇ ಚೆಕ್ಕಿನ ಮೊತ್ತದ ಶೇಕಡಾ 20ರವರೆಗೆ ಮಧ್ಯಂತರ ಪರಿಹಾರ ಕೊಡಿಸುವ ಅಧಿಕಾರವೂ 2018ರಿಂದ ನ್ಯಾಯಾಲಯಕ್ಕಿದೆ. ಇದಲ್ಲದೆ ಅವರು ವಸೂಲಿಗೆಂದು ಬೇರೆಯಾಗಿ ಸಿವಿಲ್ ದಾವೆಯನ್ನೂ ಹೂಡಬಹುದು.

66,000 ಮಾತ್ರ ಕೊಟ್ಟು, ಉಳಿದುದಕ್ಕೆ ಕಾರಣ ಬರೆದು ಉತ್ತರ ಕಳಿಸುವುದು ಒಂದು ದಾರಿ. ನ್ಯಾಯಾಲಯದ ಕಣ್ಣಿಗೆ ನೀವು ಪ್ರಾಮಾಣಿಕರಾಗಿ ಕಾಣುತ್ತೀರಿ, ಆದರೆ ಕಾಯ್ದೆ ಕೇಳುವುದು ಚೆಕ್ಕಿನ ಹಣವನ್ನಾದ್ದರಿಂದ ದೂರು ಬರುವುದೇ ಇಲ್ಲವೆಂದು ಹೇಳಲಾರೆ.

ಉತ್ತರ 2: ನಿವೃತ್ತ ಬ್ಯಾಂಕ್ ಮ್ಯಾನೇಜರ್, ಬೀದರ್

ಕೌಂಟರಿನ ಈಚೆ ಕುಳಿತು ಇಂತಹ ಅರ್ಜಿಗಳನ್ನು ತೆಗೆದುಕೊಂಡವನ ಮಾತಿದು. ಬ್ಯಾಂಕಿಗೆ ನಿಮ್ಮ ಕಲ್ಲು ಒಳ್ಳೆಯದೋ ಕೆಟ್ಟದ್ದೋ ಬೇಕಾಗಿಲ್ಲ. ಖಾತೆದಾರ ನಿಲ್ಲಿಸು ಎಂದರೆ ನಿಲ್ಲಿಸುತ್ತದೆ, ಶುಲ್ಕವನ್ನೂ ಅದರ ಮೇಲೆ ಶೇಕಡಾ 18 ಜಿಎಸ್‌ಟಿಯನ್ನೂ ಹಿಡಿದುಕೊಳ್ಳುತ್ತದೆ. ಕಾರಣದ ಜಾಗದಲ್ಲಿ ಎಷ್ಟೋ ಜನ ಸುಮ್ಮನೆ "ಚೆಕ್ ಕಳೆದಿದೆ" ಎಂದು ಬರೆಯುತ್ತಾರೆ. ನೀವು ಹಾಗೆ ಬರೆದಿಲ್ಲ ತಾನೇ? ಬರೆದಿದ್ದರೆ ಈಗಲೇ ವಕೀಲರಿಗೆ ಹೇಳಿಬಿಡಿ. ಅದರಲ್ಲೂ 50,000 ಮತ್ತು ಅದಕ್ಕಿಂತ ಹೆಚ್ಚಿನ ಚೆಕ್ಕಿಗೆ, ಬರೆದವರೇ ಅದರ ವಿವರವನ್ನು ಮೊದಲೇ ಬ್ಯಾಂಕಿಗೆ ತಿಳಿಸುವ ಪಾಸಿಟಿವ್ ಪೇ ಇದೆಯಲ್ಲ, ಅದರಲ್ಲಿ ನೀವೇ ಚೆಕ್ಕಿನ ವಿವರ ತುಂಬಿದ್ದರೆ, ಕಳೆದಿತ್ತು ಎಂಬ ಮಾತು ಅಲ್ಲಿಗೇ ಬಿದ್ದುಹೋಗುತ್ತದೆ.

ಓದುತ್ತಿರುವ ಇತರರಿಗೊಂದು ಮಾತು: 2025ರ ಅಕ್ಟೋಬರ್ 4ರಿಂದ ಚೆಕ್‌ಗಳು ದಿನವಿಡೀ ಕ್ಲಿಯರಿಂಗಿಗೆ ಹೋಗುತ್ತಿರುವುದರಿಂದ ನಾಳೆ ನಿಲ್ಲಿಸಿದರಾಯಿತು ಎಂದು ಕೂರುವಂತಿಲ್ಲ, ಬೆಳಗ್ಗೆ ಹಾಕಿದ ಚೆಕ್ ಅಂದೇ ಪಾಸಾಗಬಹುದು. ಚೆಕ್ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದರೂ ತಡೆ ಹತ್ತುವುದಿಲ್ಲ.

ನನ್ನ ಅಭಿಪ್ರಾಯ ವಕೀಲರಿಗಿಂತ ತುಸು ಬೇರೆ. ಪೂರ್ತಿ ಹಣ ಕೊಟ್ಟುಬಿಡಿ, ಆಕ್ಷೇಪ ಬರೆದು ಕೊಡಿ, 54,000ಕ್ಕೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಿ. ಸ್ವಂತ ಮನೆಗೆ ಕೊಂಡ ಮಾಲು, ಬೆಲೆ 5 ಲಕ್ಷದೊಳಗೆ ಇರುವುದರಿಂದ ಅಲ್ಲಿ ಶುಲ್ಕವೂ ಇಲ್ಲ.

ಉತ್ತರ 3: ಅಡತ್ ವ್ಯಾಪಾರಿ, ಯಾದಗಿರಿ

ನಾನು ಆ ಕಡೆ ನಿಂತವನು. ತೊಗರಿಯ ಹಣಕ್ಕೆ ಬಂದ ಚೆಕ್ಕನ್ನು ಒಬ್ಬರು ಹೀಗೆಯೇ ತಡೆದರು. ತೂಕದಲ್ಲಿ ಎರಡು ಚೀಲ ಕಡಿಮೆ ಬಂದಿದ್ದು ನಿಜ, ಅದನ್ನು ನಾನೂ ಒಪ್ಪಿದ್ದೆ. ಆದರೆ ಎರಡು ಚೀಲಕ್ಕೆ ನಲವತ್ತು ಚೀಲದ ಹಣ ನಿಲ್ಲಿಸಿದ್ದಕ್ಕೆ ನನಗೂ ಹಟ ಬಂತು. ಹನ್ನೊಂದು ತಾರೀಖು ಓಡಾಡಿ ಕೊನೆಗೆ ಲೋಕ ಅದಾಲತ್‌ನಲ್ಲಿ ರಾಜಿಯಾದೆವು. ಎರಡು ಚೀಲದ ಹಣ ಬಿಟ್ಟೆ, ಅಷ್ಟೇ. ಮೊದಲ ದಿನವೇ ಬಿಡಲು ಸಿದ್ಧನಿದ್ದೆ! ಅವರು ಮಾತ್ರ ಆಮೇಲೆ ಗಂಜ್ ಮಾರುಕಟ್ಟೆಯಲ್ಲಿ ನಗದು ಎಣಿಸದೆ ಒಂದು ಚೀಲ ಎತ್ತುವಂತಿರಲಿಲ್ಲ. ಸರ್, ಇಬ್ಬರಿಗೂ ಬೇಕಾದ ಒಬ್ಬ ಹಿರಿಯರನ್ನು ಕರೆದುಕೊಂಡು ಒಮ್ಮೆ ಅವರ ಅಂಗಡಿಗೆ ಹೋಗಿ ನೋಡಿ, ಆದರೆ 15 ದಿನದ ಲೆಕ್ಕ ಮರೆಯಬೇಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದ. ಅರ್ಜಿಯಲ್ಲಿ "ಮಾಲು ಸರಿಯಿಲ್ಲ" ಎಂದೇ ಬರೆದಿದ್ದೆ, ಅದರ ಪ್ರತಿಯೂ ಇದೆ. ಯಾದಗಿರಿಯವರು ಹೇಳಿದಂತೆ ಹಿರಿಯರೊಂದಿಗೆ ಹೋದೆವು. ಮೊದಲು ಚೆಕ್ಕಿನ ಮಾತು, ಆಮೇಲೆ ಕಲ್ಲಿನ ಮಾತು ಎಂದು ಕಳಿಸಿದರು. ತಾರೀಖಿಗೆಂದು ಶಾಲೆ ಬಿಟ್ಟು ಓಡಾಡುವುದು ನನ್ನಿಂದಾಗದು. ಇಂದು, ಹತ್ತನೆಯ ದಿನ, 1,20,000 ರೂಪಾಯಿಯನ್ನು ಅವರ ಖಾತೆಗೆ ನೆಫ್ಟ್ ಮಾಡಿ, ಆಕ್ಷೇಪದೊಂದಿಗೆ ಕೊಟ್ಟಿದ್ದೇನೆ ಎಂಬ ಉತ್ತರವನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆ. ಗ್ರಾಹಕರ ಆಯೋಗದ ದೂರನ್ನು ಬರೆಯುತ್ತಿದ್ದೇನೆ. ಒಳ್ಳೆಯ ಕಲ್ಲು ಪಡಸಾಲೆಯಲ್ಲಿ ಕೂರುತ್ತಿದೆ. ಆ 900 ಅಡಿಯನ್ನು ಬೇವಿನ ಗಿಡದ ಕೆಳಗೆ ಬೇರೆ ಒಟ್ಟಿಸಿ, ಕಂಪೌಂಡಿನ ಮೆಟ್ಟಿಲಿಗಾದರೂ ಹಾಕೋಣ ಎನ್ನುತ್ತಿರುವ ಗೌಂಡಿಗೆ ಒಂದು ಕಲ್ಲನ್ನೂ ಮುಟ್ಟಬೇಡ ಎಂದು ಹೇಳಿದ್ದೇನೆ.