21 ದಿನದಲ್ಲಿ ಬದಲಾಗುವ ನಾಲಿಗೆ

ಭಾನುವಾರ ಬೆಳಿಗ್ಗೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಅತ್ತಿಗೆ ಒಂದು ಫಾರ್ವರ್ಡ್ ಹಾಕಿದರು. ನಾಲಿಗೆಯ ಚಿತ್ರ. ತುದಿಯಲ್ಲಿ ಸಿಹಿ, ಪಕ್ಕದಲ್ಲಿ ಹುಳಿ, ಹಿಂದೆ ಕಹಿ ಎಂದು ಬಣ್ಣ ಬಳಿದಿತ್ತು. ಕೆಳಗೆ ದಪ್ಪ ಅಕ್ಷರ: 'ಸಂಗಾತಿಗೆ ನಿಮ್ಮ ಅಡುಗೆ ಹಿಡಿಸುತ್ತಿಲ್ಲವೇ? 21 ದಿನ ಅದೇ ರುಚಿ ಬಡಿಸಿ. ನಾಲಿಗೆ ತಾನೇ ಬದಲಾಗುತ್ತದೆ!'

ಅದರ ಕೆಳಗೆ ಅತ್ತಿಗೆ ಬರೆದಿದ್ದು ಎರಡೇ ಪದ: 'ಯಾರಿಗೋ ಉಪಯೋಗವಾಗಬಹುದು.'

ಆ ಯಾರೋ ಯಾರು ಅಂತ ಗುಂಪಿನಲ್ಲಿ ಎಲ್ಲರಿಗೂ ಗೊತ್ತು. ಅಣ್ಣನಿಗೆ ಖಾರ ಆಗುವುದಿಲ್ಲ. ಖಾರ ಇಲ್ಲದಿದ್ದರೆ ಅತ್ತಿಗೆಗೆ ಊಟ ಸೇರುವುದಿಲ್ಲ. ಮದುವೆಯಾಗಿ 11 ವರ್ಷ ಆಯಿತು.

ಚಿಕ್ಕಮ್ಮನ ಮಗ: ಇದಕ್ಕೆ ಆಧಾರ ಏನು? ಯಾರು ಪ್ರಯೋಗ ಮಾಡಿದ್ದು? ಮೊದಲು ಆ ಚಿತ್ರವೇ ತಪ್ಪು. 1901ರಲ್ಲಿ ಜರ್ಮನಿಯ ಹೇನಿಗ್ ಎಂಬ ವಿಜ್ಞಾನಿ ಬರೆದಿದ್ದನ್ನು ಆಮೇಲಿನವರು ತಪ್ಪಾಗಿ ಅರ್ಥ ಮಾಡಿಕೊಂಡರು. ರುಚಿ ಮೊಗ್ಗು ಇರುವ ಕಡೆಯೆಲ್ಲ ಎಲ್ಲಾ ರುಚಿಯೂ ತಿಳಿಯುತ್ತದೆ.

ದೊಡ್ಡಪ್ಪ: ಬೆಳಿಗ್ಗೆ ಎದ್ದ ಕೂಡಲೇ ಆಧಾರ ಕೇಳಬೇಡ. ಬಡಿಸಿದ್ದನ್ನು ಮರುಮಾತಿಲ್ಲದೆ ಉಣ್ಣಬೇಕು. ನಾವು ಹಾಗೆ ಬೆಳೆದವರು.

ದೊಡ್ಡಮ್ಮ: ಯಾರು ಮರುಮಾತಿಲ್ಲದೆ ಉಂಡಿದ್ದು? ಸ್ವಲ್ಪ ಹೇಳಿ, ನಾನೂ ಕೇಳುತ್ತೇನೆ.

ಐದು ನಿಮಿಷ ಗುಂಪಿನಲ್ಲಿ ಸದ್ದಿಲ್ಲ.

ಅಮ್ಮ: ನನ್ನ ಮಗ ಚಿಕ್ಕವನಿದ್ದಾಗ ಎಲ್ಲಾ ತಿನ್ನುತ್ತಿದ್ದ.

ಚಿಕ್ಕಮ್ಮನ ಮಗ: ಹೋದ ಸಲ ಬೆಳ್ಳುಳ್ಳಿ ಫಾರ್ವರ್ಡ್ ಹಾಕಿದ್ದೂ ಅತ್ತಿಗೆಯೇ ಅಲ್ವಾ? ಅದೂ ಸುಳ್ಳಾಗಿತ್ತು.

ಅತ್ತಿಗೆ: ತಪ್ಪಾಗಿದ್ದರೆ ಅಳಿಸಿಬಿಡುತ್ತೇನೆ.

ಇಲ್ಲಿ ನನಗೆ ತಡೆಯಲಾಗಲಿಲ್ಲ. ಅಮ್ಮನ ಮಾತು ಅತ್ತಿಗೆಗೆ ಎಲ್ಲಿ ತಾಗಿರುತ್ತದೆ ಅಂತ ನನಗೆ ಗೊತ್ತು. ಅಣ್ಣ ಚಿಕ್ಕವನಿದ್ದಾಗ ಎಲ್ಲಾ ತಿನ್ನುತ್ತಿರಲಿಲ್ಲ. ಖಾರ ಬಾಯಿಗೆ ಬಿದ್ದರೆ ಅಳುತ್ತಿದ್ದ, ಅಮ್ಮ ಬೆಣ್ಣೆ ನೆಕ್ಕಿಸುತ್ತಿದ್ದರು. ಅಮ್ಮನಿಗೆ ಗೊತ್ತಿರಲಿಕ್ಕಿಲ್ಲ, ಆದರೆ ಮಾಡುತ್ತಿದ್ದುದು ಸರಿಯೇ. ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ನೀರಿಗೆ ಜಗ್ಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ.

ನಾನು ಉದ್ದವಾಗಿಯೇ ಬರೆದೆ:

'ಅಮ್ಮಾ, ಇದು ಹಠ ಅಲ್ಲ. 1931ರಲ್ಲಿ ಆರ್ಥರ್ ಫಾಕ್ಸ್ ಎಂಬ ರಸಾಯನ ವಿಜ್ಞಾನಿಯ ಲ್ಯಾಬಿನಲ್ಲಿ ಒಂದು ಪುಡಿ ಗಾಳಿಗೆ ಹಾರಿತು. ಜೊತೆಯಲ್ಲಿದ್ದವನು ಬಾಯೆಲ್ಲ ಕಹಿ ಅಂದ. ಫಾಕ್ಸ್‌ಗೆ ಏನೂ ತಿಳಿಯಲಿಲ್ಲ. ಕೋಣೆ ಒಂದೇ, ಪುಡಿ ಒಂದೇ, ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ಆ ಕಹಿ ಕೆಲವರಿಗೆ ತಿಳಿಯುವುದು, ಕೆಲವರಿಗೆ ತಿಳಿಯದಿರುವುದು ಹುಟ್ಟಿನಿಂದ ಬರುತ್ತದೆ ಅಂತ ಆಮೇಲೆ ಗೊತ್ತಾಯಿತು. ಖಾರವಂತೂ ರುಚಿಯೇ ಅಲ್ಲ, ಉರಿ. ಬಿಸಿ ತಾಗಿದಾಗ ಎಚ್ಚರಿಸುವ ನರವನ್ನೇ ಅದೂ ಎಬ್ಬಿಸುತ್ತದೆ. 1997ರಲ್ಲಿ ಡೇವಿಡ್ ಜೂಲಿಯಸ್ ಎಂಬ ವಿಜ್ಞಾನಿಯ ತಂಡ ಇದನ್ನು ಕಂಡುಹಿಡಿಯಿತು. 2021ರಲ್ಲಿ ಜೂಲಿಯಸ್‌ಗೆ ನೊಬೆಲ್ ಬಂತು. ಅಣ್ಣನಿಗೆ ನಿಜವಾಗಿಯೂ ಉರಿಯುತ್ತದೆ. ಅತ್ತಿಗೆಗೆ ಅಷ್ಟು ಉರಿಯುವುದಿಲ್ಲ. ಫಾರ್ವರ್ಡ್ ಪೂರ್ತಿ ಸುಳ್ಳೂ ಅಲ್ಲ. ಉಪ್ಪು ಕಡಿಮೆ ಮಾಡುತ್ತಾ ಹೋದರೆ ಎರಡು ಮೂರು ತಿಂಗಳಲ್ಲಿ ಅದೇ ಸಾಕೆನಿಸುತ್ತದೆ. ಖಾರವೂ ಸ್ವಲ್ಪ ಸ್ವಲ್ಪ ರೂಢಿಯಾಗುತ್ತದೆ. ಆದರೆ ತಿನ್ನುವವರಿಗೆ ಮನಸ್ಸಿರಬೇಕು. 21 ದಿನ ಬಲವಂತವಾಗಿ ಬಡಿಸಿದರೆ ಆಗುವುದಲ್ಲ.'

ದೊಡ್ಡಪ್ಪ: ಇಷ್ಟುದ್ದ ಬರೆದರೆ ಯಾರು ಓದುತ್ತಾರೆ?

ಚಿಕ್ಕಮ್ಮನ ಮಗ: ಆಧಾರ ಕೇಳಿದ್ದು ನಾನು. ನನಗೆ ಮಾತ್ರ ಬೈಗುಳ.

ಅಷ್ಟರಲ್ಲಿ ಅತ್ತೆಯ ಮಗಳು ಬಂದಳು.

ಅತ್ತೆಯ ಮಗಳು: ಅಜ್ಜಿಯ ಅಡುಗೆಮನೆ ನೆನಪಾಯಿತು. ಒಂದೇ ದೊಡ್ಡ ಪಾತ್ರೆ. ತರಕಾರಿ ಬೆಂದ ಮೇಲೆ, ಖಾರ ಹಾಕುವ ಮುಂಚೆ ಒಂದು ಬಟ್ಟಲಿಗೆ ತೆಗೆದಿಡುತ್ತಿದ್ದರು, ಅಜ್ಜನಿಗೆ. ಅಂಚು ನಗ್ಗಿದ ಬಟ್ಟಲು. ನೆನಪಿದೆಯಾ?

ಚಿಕ್ಕಪ್ಪ: ಅದು ಅಪ್ಪನಿಗಲ್ಲ, ದೊಡ್ಡಣ್ಣನಿಗೆ. ನನಗೆ ಆ ಬಟ್ಟಲು ಒಂದು ದಿನವೂ ಸಿಗಲಿಲ್ಲ.

ದೊಡ್ಡಪ್ಪ: ನನಗೆ ಹೊಟ್ಟೆ ಸರಿ ಇರುತ್ತಿರಲಿಲ್ಲ. ಅದನ್ನು ಈಗ ಯಾಕೆ ಎತ್ತುತ್ತೀಯ?

ದೊಡ್ಡಮ್ಮ: ಮರುಮಾತಿಲ್ಲದೆ ಉಂಡವರು!

ಸೋದರತ್ತೆ: ಆ ಬಟ್ಟಲು ಈಗ ಯಾರ ಮನೆಯಲ್ಲಿದೆ?

ಅಲ್ಲಿಂದ ಬಟ್ಟಲಿನದೇ ಮಾತು. ಅಜ್ಜಿಯ ಪಾತ್ರೆಗಳನ್ನು ಹಂಚಿದ್ದು ಯಾರು, ಆ ದಿನ ಯಾರನ್ನು ಕರೆಯಲಿಲ್ಲ, ಯಾರು ಮೊದಲೇ ಬಂದು ಆರಿಸಿಕೊಂಡರು. ಮಧ್ಯಾಹ್ನದವರೆಗೆ ನಡೆಯಿತು. ಅಜ್ಜಿ ಆ ಬಟ್ಟಲಿನಲ್ಲಿ ಮಾಡಿದ ಕೆಲಸವನ್ನು ಯಾರೂ ನೋಡಲಿಲ್ಲ. ಎರಡು ಅಡುಗೆ ಮಾಡುವ ಕಷ್ಟವೇ ಇಲ್ಲ. ಒಂದೇ ಅಡುಗೆ, ಖಾರ ಮಾತ್ರ ಕೊನೆಗೆ. ಉಪ್ಪು ಹುಳಿಯನ್ನೂ ಸ್ವಲ್ಪ ಹಿಂದಿಟ್ಟು ಎಲ್ಲರ ತಟ್ಟೆಗೆ ಬಿಟ್ಟರೆ ಆಯಿತು. ಜೊತೆಗೆ ಇನ್ನೊಂದು. ಅಡುಗೆ ಮಾಡುವವರು ತಮ್ಮ ನಾಲಿಗೆಗೆ ನೋಡಿಯೇ ಉಪ್ಪು ಹಾಕುತ್ತಾರೆ, ಬೇರೆ ದಾರಿಯಿಲ್ಲ. ಹಾಗಾಗಿ ಉಣ್ಣುವವರು ಒಂದು ಸಲ ಒಲೆಯ ಹತ್ತಿರ ಬಂದು ಚಮಚದಲ್ಲಿ ರುಚಿ ನೋಡಿ ಹೇಳಬೇಕು. ತಟ್ಟೆಯ ಮುಂದೆ ಕೂತು ಮುಖ ಸಣ್ಣ ಮಾಡುವುದನ್ನು ನನಗೆ ಸಹಿಸಲಾಗುವುದಿಲ್ಲ. ನನ್ನ ಅಣ್ಣನೇ ಆದರೂ ಅಷ್ಟೇ.

ಮೂರು ಗಂಟೆಗೆ ಅತ್ತಿಗೆ ನನಗೊಬ್ಬಳಿಗೇ ಬರೆದರು: 'ನಾಲಿಗೆ ಬದಲಾಗಲಿ ಅಂತ ಹಾಕಿದ್ದಲ್ಲ. ದಿನಾ ಎರಡೆರಡು ಪಾತ್ರೆ ಮಾಡಿ ತೊಳೆದು ಸಾಕಾಗಿದೆ. ಅದನ್ನು ಅವರಿಗೆ ನೇರವಾಗಿ ಹೇಳಲು ಆಗಲಿಲ್ಲ.'

ಓದಿ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ನಾನು ಬೆಳಿಗ್ಗೆಯಿಂದ ನೊಬೆಲ್ ಬರೆಯುತ್ತಿದ್ದೆ, ಇದನ್ನು ಕೇಳಿರಲಿಲ್ಲ. 'ಅತ್ತಿಗೆ, ಇದನ್ನೇ ಹೀಗೆಯೇ ಅಣ್ಣನಿಗೆ ಕಳಿಸಿ' ಅಂದೆ. ಅವರು ಉತ್ತರ ಕೊಡಲಿಲ್ಲ.

ಇಷ್ಟು ಹೊತ್ತೂ ಅಣ್ಣ ಎಲ್ಲವನ್ನೂ ಓದುತ್ತಿದ್ದ, ನೀಲಿ ಗುರುತು ಕಾಣುತ್ತಿತ್ತು. ರಾತ್ರಿ ಎಂಟಕ್ಕೆ ಗುಂಪಿನಲ್ಲಿ ಬರೆದ.

ಅಣ್ಣ: ಬಟ್ಟಲು ನಮ್ಮ ಮನೆಯಲ್ಲೇ ಇದೆ. ಅಟ್ಟದ ಮೇಲಿತ್ತು. ಈಗ ಇಳಿಸಿ ತೊಳೆದಿಟ್ಟಿದ್ದೇನೆ. ನಾಳೆಯಿಂದ ನನ್ನ ಪಾಲು ಅದರಲ್ಲೇ.

ಅತ್ತಿಗೆ ಏನೂ ಬರೆಯಲಿಲ್ಲ. ಒಂದು ನಿಮಿಷದಲ್ಲಿ ಅವರ ಫಾರ್ವರ್ಡ್ ಗುಂಪಿನಿಂದ ಅಳಿಸಿಹೋಯಿತು.

ಸೋದರತ್ತೆ: ನಿಮ್ಮ ಮನೆಗೆ ಹೇಗೆ ಬಂತು? ಅಮ್ಮ ಅದನ್ನು ನನಗೆ ಕೊಡುತ್ತೇನೆ ಅಂದಿದ್ದರು.