ಕಂಪನಿಗೆ ಬೇಕಿರೋದು ಬರೀ ಇಂಗ್ಲಿಷಾ?

ಸಿವಿಲ್ ಅಣ್ಣ: (ಫಾರ್ವರ್ಡ್ ಆದ ಪೋಸ್ಟರ್) ‘ಹೊಸ ಇಂಜಿನಿಯರ್‌ಗಳಲ್ಲಿ ಕಂಪನಿ ನೋಡೋದು ಎರಡೇ. ದೊಡ್ಡ ಕಾಲೇಜು, ಫಟಾಫಟ್ ಇಂಗ್ಲಿಷ್.’ ಖರೇ ಮಾತು. ಕಲಬುರಗಿ ಹುಡುಗರನ್ನು ಯಾರು ಕೇಳುತ್ತಾರೆ?

ಬೀದರ್ ಅಕ್ಕ: ಅಣ್ಣಾ, ನಾನು ಒಪ್ಪಲ್ಲ. ಜೂನಿಯರ್‌ಗಳೂ ಈ ಗುಂಪಿನಲ್ಲಿದ್ದಾರೆ. ಇದನ್ನು ಓದಿ ಅರ್ಜಿ ಹಾಕೋದನ್ನೇ ಬಿಟ್ಟರೆ? ನಮ್ಮ ಆಫೀಸಿನಲ್ಲಿ ಹೊಸಬರ ಇಂಟರ್‌ವ್ಯೂಗೆ ನಾನೂ ಕೂರುತ್ತೇನೆ.

ಸಿವಿಲ್ ಅಣ್ಣ: ಹಾಗಾದರೆ ಎಸ್ಸೆಸ್ಸೆಲ್ಸಿ, ಪಿಯುಸಿ, ಬಿಇ ಮೂರರಲ್ಲೂ ಶೇ. 60 ಅಂಕ ಬೇಕು ಅನ್ನೋದು ಸುಳ್ಳಾ?

ಬೀದರ್ ಅಕ್ಕ: ಸುಳ್ಳಲ್ಲ. ಸುಮಾರು ಕಂಪನಿಗಳು ಕೇಳುತ್ತವೆ. ಅದು ದಾಟಿದ ಮೇಲಿನ ಮಾತು ನಾನು ಹೇಳೋದು. ಕಳೆದ ಸಲ ನಮ್ಮ ಕಡೆಯ ಒಬ್ಬ ಹುಡುಗಿ ಬಂದಿದ್ದಳು. ನೀರು ಕುಡಿದರೆ ಉಬ್ಬುವ ಕರಿಮಣ್ಣಿಗೆ ಸುಣ್ಣ ಬೆರೆಸಿ ಪ್ರಾಜೆಕ್ಟ್ ಮಾಡಿದ್ದಳು. ಇಂಗ್ಲಿಷ್ ತಡವರಿಸುತ್ತಿತ್ತು. ಮಣ್ಣು ಎಷ್ಟು ಉಬ್ಬುತ್ತೆ ಅಂತ ಹೇಗೆ ನೋಡಿದೆ ಅಂದೆ. 425 ಮೈಕ್ರಾನ್ ಜರಡಿಯಲ್ಲಿ ಇಳಿದ ಒಣಮಣ್ಣು, ಎರಡು ಅಳತೆ ಜಾರ್‌ಗಳಿಗೆ ಹತ್ತತ್ತು ಗ್ರಾಂ. ಒಂದಕ್ಕೆ ನೀರು, ಒಂದಕ್ಕೆ ಸೀಮೆಎಣ್ಣೆ. 24 ಗಂಟೆ ಬಿಟ್ಟು ಎರಡನ್ನೂ ಅಳೆದೆ ಅಂದಳು. ಸೀಮೆಎಣ್ಣೆ ಯಾಕಮ್ಮಾ? ‘ಅದರಲ್ಲಿ ಮಣ್ಣು ಉಬ್ಬಲ್ಲ ಮೇಡಂ, ಹೋಲಿಸೋಕೆ ಬೇಕು.’ ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ತಗೊಂಡೆವು.

ಅದೇ ದಿನ ಅರಳು ಹುರಿದಂತೆ ಇಂಗ್ಲಿಷ್ ಮಾತಾಡಿದ ಹುಡುಗನಿಗೆ ತನ್ನದೇ ರಿಪೋರ್ಟಿನ ಗ್ರಾಫಿನ ಅಡ್ಡಗೆರೆ ಏನು ಅಂತ ಗೊತ್ತಿರಲಿಲ್ಲ. ದುಡ್ಡು ಕೊಟ್ಟು ತಂದ ಪ್ರಾಜೆಕ್ಟ್. ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ ಅಣ್ಣಾ.

ಸಿವಿಲ್ ಅಣ್ಣ: ಸಾಫ್ಟ್‌ವೇರ್ ಕಥೆ ಬೇರೆ. ಅಲ್ಲಿ ಕ್ಲೈಂಟ್ ಜೊತೆ ಮಾತಾಡಬೇಕು.

ಬೀದರ್ ಅಕ್ಕ: ಹೌದು, ಅಲ್ಲಿ ಇಂಗ್ಲಿಷ್ ಜಾಸ್ತಿ ಬೇಕು. ಕಲಿಯಲೇಬೇಕು. ಆದರೆ ಸಾಮಾನ್ಯವಾಗಿ ಮೊದಲು ಬರೋದು ಆಪ್ಟಿಟ್ಯೂಡ್, ಕೋಡಿಂಗ್ ಟೆಸ್ಟ್. ಅಲ್ಲಿ ಕಾಲೇಜಿನ ಹೆಸರು ಉತ್ತರ ಬರೆಯಲ್ಲ.

ಫೈನಲ್ ಇಯರ್ ತಮ್ಮ: ಅಕ್ಕಾ, ನನ್ನದೊಂದು ಬ್ಯಾಕ್‌ಲಾಗ್ ಇದೆ, ಒಂದು ಸಬ್ಜೆಕ್ಟ್ ಪಾಸಾಗೋದು ಬಾಕಿ. ನಮ್ಮ ಕಲ್ಯಾಣ ಕರ್ನಾಟಕದವರಿಗೆ 371ಜೆ ಮೀಸಲಾತಿ ಇದೆಯಲ್ವಾ?

ಬೀದರ್ ಅಕ್ಕ: ತಮ್ಮಾ, ಅದು ಸರ್ಕಾರಿ ನೌಕರಿಗೆ, ಕಾಲೇಜು ಸೀಟಿಗೆ. ಖಾಸಗಿ ಕಂಪನಿಯಲ್ಲಿ ನಡೆಯಲ್ಲ. ಬ್ಯಾಕ್‌ಲಾಗ್ ಈ ಸಲವೇ ಮುಗಿಸು. ಎಷ್ಟೋ ಕಡೆ ಅದೊಂದಕ್ಕೇ ಅರ್ಜಿ ಬದಿಗಿಡುತ್ತಾರೆ.

ಸಿವಿಲ್ ಅಣ್ಣ: ಎಲ್ಲಾ ಸರಿ ತಂಗಿ. ಕಂಪನಿಗಳು ನಮ್ಮೂರ ಕ್ಯಾಂಪಸ್‌ವರೆಗೆ ಬರೋದೇ ಕಡಿಮೆ. ಅದಕ್ಕೇನಂತೀ?

ಬೀದರ್ ಅಕ್ಕ: ಆ ಸಿಟ್ಟು ನನಗೂ ಇದೆ. ಅದಕ್ಕೇ ಕೇಳುತ್ತೇನೆ, ಸೇಡಂ ರಸ್ತೆಯ ನಿಮ್ಮ ಸೈಟಿನಲ್ಲಿ ಇಬ್ಬರನ್ನು ಇಂಟರ್ನ್‌ಶಿಪ್‌ಗೆ ತಗೊಳ್ಳಿ. ಲೆವೆಲ್ ಹಿಡಿಯೋದು, ಕಾಂಕ್ರೀಟಿನ ಗಟ್ಟಿತನ ನೋಡೋ ಕ್ಯೂಬ್ ಟೆಸ್ಟ್ ಮಾಡೋದು ಕಲಿಸಿ. ಇಂಟರ್‌ವ್ಯೂನಲ್ಲಿ ಹೇಳೋಕೆ ಸ್ವಂತ ಕೆಲಸ ಸಿಗುತ್ತೆ.

ಸಿವಿಲ್ ಅಣ್ಣ: ಬಯೋಡೇಟಾ ಕಳಿಸಲಿ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಸೈಟಿಗೇ ಬರಲಿ.