ಸಹಾಯ ಬೇಕು: ತುರ್ತು ಗರ್ಭನಿರೋಧಕ ಮಾತ್ರೆ ನುಂಗಿದ ಮೇಲೆ ವಾಂತಿಯಾಗಿದೆ

ಎಲ್ಲರಿಗೂ ನಮಸ್ಕಾರ. ನಾನು 31 ವರ್ಷದ ಗೃಹಿಣಿ, ಎರಡನೆಯ ಮಗುವಿಗೆ ಈಗಷ್ಟೇ ಒಂದೂವರೆ ವರ್ಷ. ನಿನ್ನೆ ರಾತ್ರಿ ಕಾಂಡೋಮ್ ಹರಿದದ್ದು ತಡವಾಗಿ ಗೊತ್ತಾಯಿತು. ಮುಟ್ಟಾಗಿ 13ನೆಯ ದಿನವಾದ್ದರಿಂದ ಗರ್ಭ ನಿಲ್ಲುವ ಸಂಭವ ಹೆಚ್ಚೆಂಬ ಆತಂಕದಲ್ಲಿ, ಬೆಳಿಗ್ಗೆಯೇ ಔಷಧಿ ಅಂಗಡಿಯಿಂದ 1.5 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಮಾತ್ರೆ ತರಿಸಿ ನುಂಗಿದೆ. ಒಂದು ಗಂಟೆಯೊಳಗೆ, ತಿಂದ ಉಪ್ಪಿಟ್ಟಿನ ಸಮೇತ ಎಲ್ಲ ವಾಂತಿಯಾಯಿತು. ಎರಡು ಗಂಟೆಯೊಳಗೆ ವಾಂತಿಯಾದರೆ ಮಾತ್ರೆಯನ್ನು ಮತ್ತೊಮ್ಮೆ ತೆಗೆದುಕೊಳ್ಳಬೇಕೆಂದೂ, 72 ಗಂಟೆಗಳ ಅವಧಿಯಲ್ಲಿ ಎಷ್ಟು ಬೇಗ ನುಂಗಿದರೆ ಅಷ್ಟು ಒಳ್ಳೆಯದೆಂದೂ ತಿಳಿದಿದ್ದೇನೆ. ಆದರೆ ಅಂಗಡಿಯವರು ಎರಡನೆಯದನ್ನು ಕೊಡಲು ಹಿಂಜರಿದರು. ಕೇಳುವಾಗ ಯಜಮಾನರಿಗೂ ಸಂಕೋಚವಾಯಿತಂತೆ. ಐದು ದಿನಗಳೊಳಗೆ ಕಾಪರ್-ಟಿ ಹಾಕಿಸಿಕೊಂಡರೆ ಅದು ಮಾತ್ರೆಗಿಂತ ಹೆಚ್ಚು ಪರಿಣಾಮಕಾರಿ ಎಂಬ ಕಾರಣಕ್ಕೆ ಇಂದು ಸಂಜೆ ಸ್ತ್ರೀರೋಗ ತಜ್ಞರನ್ನು ಕಾಣಲಿದ್ದೇನೆ. ತುರ್ತಿನಲ್ಲಿ ಹಾಗೆ ಹಾಕಿಸಿಕೊಂಡ ಅಕ್ಕಂದಿರಿದ್ದರೆ, ನೋವು ಎಷ್ಟಿತ್ತು, ಮುಂದಿನ ಮುಟ್ಟು ಹೇಗಿತ್ತು ಎಂಬುದನ್ನು ಸಂಜೆಯೊಳಗೆ ದಯವಿಟ್ಟು ತಿಳಿಸಿ.